ನಾಲ್ಕರಿಂದ ಐದರ ಪಾಳಿ

“ಇದು ಏನು? ಬಾಯಿ ಬಿಟ್ಟು ಹೇಳು. ನಿನ್ನ ಜಾಕೀಟಿನ ಕಿಸೇದಾಗ ಇತ್ತು.”

“ತಲಿನೋವಿನ ಗುಳಿಗಿ.”

“ಹತ್ತರಾಗ ಎರಡು ಉಳದಾವ. ಯಾವ ತಲಿನೋವು ಅದು, ದಿನಾ ಸಂಜಿ ನಾಕು ಹೊಡದಾಗ ಬರೋದು? ನಾಚಿಕಿಗೆಟ್ಟವನ.”

ಎಸ್ತೇರಳಿಗೆ ಇನ್ನೂ ಜೋರಾಗಿ ಬೈಯಬೇಕಿತ್ತು, ಉಸಿರು ಸಾಲಲಿಲ್ಲ. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅವಳ ಕತ್ತಿನ ಹಿಂದೆ ಎರಡು ಬೆರಳಗಲದ ಬೂದು ಪಟ್ಟಿ ಅಂಟಿತ್ತು. ಅದರ ಜೋಡಿ ಪಟ್ಟಿ ಮಂಚದ ಮೇಲಿದ್ದ ತಾಯಿ ಸುವಾರ್ತಮ್ಮನ ಕತ್ತಿನಲ್ಲಿತ್ತು. ತಾಯಿಯ ಬೆನ್ನೆಲುಬನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಆ ನೋವು ಈ ಗಳಿಗೆ ಮಗಳ ಬೆನ್ನಿನಲ್ಲಿತ್ತು. ತಾಯಿ ದಿಂಬಿಗೆ ಒರಗಿ ಬಸಿಯಲ್ಲಿ ಚಹಾ ಕುಡಿಯುತ್ತಿದ್ದಳು.

“ಎಸ್ತೇರಾ, ಸಾಕು ಬಿಡವಾ,” ಎಂದಳು ಸುವಾರ್ತಮ್ಮ.

“ನೀ ಸುಮ್ನಿರವ್ವ. ಇವತ್ತು ಇವನ ಪಾಳಿ, ನಾ ಹೊತ್ತೇನಿ. ಇವ ನಿಂತು ನೋಡಾಕತ್ತಾನ.”

ತಮ್ಮ ಜಯವಂತ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಅವನದು. ಕೆಲಸ ಮುಗಿಸಿ ಬಂದು ಕಾಲು ತೊಳೆಯಲು ಹೋದಷ್ಟರಲ್ಲಿ ಅಕ್ಕ ಅವನ ಜಾಕೀಟು ಹುಡುಕಿದ್ದಳು. ಹುಡುಕಲು ಕಾರಣವಾದವಳು ಗೋಡೆಗೆ ತಾಗಿ ಸ್ಟೂಲಿನ ಮೇಲೆ ಕೂತಿದ್ದಳು. ಆ ಪಟ್ಟಿಯನ್ನು ಕಂಡುಹಿಡಿದ ಧಾರವಾಡದ ನರವಿಜ್ಞಾನಿ, ಡಾಕ್ಟರ್ ವಾರಿಜಾ ಕಟ್ಟೀಮನಿ.

ಪಟ್ಟಿಗೆ ವಾರಿಜಾ ಏನೋ ಉದ್ದನೆಯ ಹೆಸರಿಟ್ಟಿದ್ದಳು. ಬೆಟಗೇರಿಯ ಕ್ರೈಸ್ತರು ಅದನ್ನು ನೊಗ ಎಂದರು. ಕತ್ತಿಗೆ ಹಾಕುವುದು, ಇಬ್ಬರು ಬೇಕು, ಬೇರೆ ಹೆಸರು ಯಾಕೆ ಎಂದರು. 2058ರ ಬೇಸಿಗೆಯ ಹೊತ್ತಿಗೆ ನಾಡಿನ ನೂರಾರು ಮನೆಗಳಲ್ಲಿ ನೊಗ ಇತ್ತು.

ಅದು ಕೆಲಸ ಮಾಡುವ ರೀತಿ ಸರಳ. ನೋವು ಹುಟ್ಟುವುದು ಮೂಳೆಯಲ್ಲಾದರೂ ಅದು ನೋವಾಗುವುದು ಮಿದುಳಿನಲ್ಲಿ. ಮೂಳೆಯಿಂದ ಹೊರಟ ಸಂಕೇತವನ್ನು ಮಿದುಳು ಕೂಗಾಗಿ ಮಾಡಿಕೊಳ್ಳುತ್ತದೆ. ಮಾರ್ಫಿನ್‌ನಂಥ ಮದ್ದು ಆ ಕೂಗಿನ ಬಾಯಿ ಮುಚ್ಚುತ್ತದೆ. ರೋಗ ಬಲಿತಂತೆ ಮದ್ದನ್ನು ಹೆಚ್ಚಿಸುತ್ತ ಹೋದರೆ ಕೊನೆಗೆ ಉಸಿರನ್ನೇ ನಿಲ್ಲಿಸುತ್ತದೆ. ವಾರಿಜಾ ಬೇರೆ ದಾರಿ ಹಿಡಿದಳು. ಒಂದು ಮಿದುಳಿನ ಕೂಗನ್ನು ಇನ್ನೊಂದು ಮಿದುಳಿಗೆ ಮುಟ್ಟಿಸಿ, ಅದು ಓಗೊಟ್ಟರೆ ಮೊದಲನೆಯದು ಸುಮ್ಮನಾಗುತ್ತಿತ್ತು. ಹೊತ್ತವರಿಗೆ ರೋಗ ಬರುತ್ತಿರಲಿಲ್ಲ, ಗಾಯವಾಗುತ್ತಿರಲಿಲ್ಲ. ನೋವು ಮಾತ್ರ ಬರುತ್ತಿತ್ತು, ಪೂರಾ. ನಿಯಮ ಎರಡೇ: ಒಮ್ಮೆಗೆ ಒಂದು ತಾಸಿಗಿಂತ ಹೆಚ್ಚು ಹೊರಬಾರದು; ಹೊರುವ ಮುಂಚೆ ಗುಳಿಗೆ, ಹೆಂಡ ಮುಟ್ಟಬಾರದು.

ಆ ಕಾಲಕ್ಕೆ ಬಹಳಷ್ಟು ಕ್ಯಾನ್ಸರು ಗುಣವಾಗುತ್ತಿದ್ದವು, ಮೊದಲೇ ತಿಳಿದರೆ. ಸುವಾರ್ತಮ್ಮ ಎದೆಯ ಗಂಟನ್ನು ಯಾರಿಗೂ ಹೇಳದೆ ಎರಡು ವರ್ಷ ಸೆರಗು ಹೊದ್ದು ತಿರುಗಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನಿನ ಚಿತ್ರ ತೋರಿಸಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಾಗ ಜಯವಂತ ಅಲ್ಲೇ ನೆಲಕ್ಕೆ ಕೂತು ಅತ್ತಿದ್ದ. ಅವ್ವನ ನೋವು ನನಗರೆ ಬರಬಾರದಿತ್ತೇನು ದೇವರೇ ಎಂದು ಅತ್ತಿದ್ದ. ಹದಿನೈದು ದಿನಕ್ಕೆ ಮನೆಗೆ ನೊಗ ಬಂತು.

ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಸರಪಳಿ ಪ್ರಾರ್ಥನೆ ಎಂಬ ರೂಢಿ ಇತ್ತು. ಈಸ್ಟರಿಗೆ ಮುಂಚಿನ ಶ್ರಮೆಯ ವಾರದಲ್ಲಿ ಹಗಲು ರಾತ್ರಿ ಪ್ರಾರ್ಥನೆ ಕಡಿಯಬಾರದು. ಒಂದೊಂದು ತಾಸಿಗೆ ಒಬ್ಬರಂತೆ ಹೆಸರು ಬರೆದು ಪಾಳಿ ಚೀಟಿಯನ್ನು, ಅವರು ಗುಡಿ ಎನ್ನುವ ಚರ್ಚಿನ ಬಾಗಿಲಿಗೆ ಹಚ್ಚುತ್ತಿದ್ದರು. ಮೂವತ್ತು ವರ್ಷ ಆ ಚೀಟಿ ಬರೆದವಳು ಸುವಾರ್ತಮ್ಮ. ಈಗ ಪಾಸ್ಟರು ಅದೇ ಬಾಗಿಲಿಗೆ ಅವಳ ನೋವಿನ ಪಾಳಿ ಹಚ್ಚಿದರು. ರಾತ್ರಿ ಸೂಜಿ ಹಾಕಿ ಮಲಗಿಸುತ್ತಿದ್ದರು. ಹಗಲಿನ ಹನ್ನೆರಡು ತಾಸಿಗೆ ಜನ ಬೇಕಿತ್ತು. ಮೊದಲ ವಾರ ಐವತ್ಮೂರು ಹೆಸರು ಬಂದವು. ಪಾಸ್ಟರದೇ ಮೊದಲು.

ಎಂಟನೆಯ ವಾರ ಒಂಬತ್ತು ಉಳಿದವು. ಒಬ್ಬರು ಬಾಳೆಹಣ್ಣು ಕಳಿಸಿದರು. ಇನ್ನೊಬ್ಬರು, ನೊಗ ಬ್ಯಾಡ, ನಾವು ಮನ್ಯಾಗ ಎರಡು ತಾಸು ಪ್ರಾರ್ಥನಿ ಮಾಡ್ತೀವಿ ಎಂದರು. ಜನ ಸುಳ್ಳರಾಗಿರಲಿಲ್ಲ. ದಣಿದಿದ್ದರು. ಎಸ್ತೇರ ದಿನಕ್ಕೆ ಮೂರು ಪಾಳಿ ಹೊರುತ್ತಿದ್ದಳು. ಅವಳ ಕೂದಲು ಎರಡು ತಿಂಗಳಲ್ಲಿ ಬೆಳ್ಳಗಾಗಿತ್ತು. ಜಯವಂತ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಸಂಜೆ ನಾಲ್ಕರಿಂದ ಐದು ಅವನದು.

ಎಷ್ಟು ನೋವು ದಾಟಿತು ಎಂಬುದನ್ನು ನೊಗ ತಾನೇ ಬರೆದಿಟ್ಟುಕೊಂಡು ಧಾರವಾಡಕ್ಕೆ ಕಳಿಸುತ್ತಿತ್ತು. ಐದು ವಾರದಿಂದ ಈ ಮನೆಯ ನಾಲ್ಕರಿಂದ ಐದರ ಗೆರೆ ಚಪ್ಪಟೆಯಾಗಿತ್ತು. ಪಟ್ಟಿ ಕೆಟ್ಟಿರಬೇಕೆಂದು ವಾರಿಜಾ ಹೊಸದನ್ನು ಹಿಡಿದು ಬಂದಳು. ಹಳೆಯದು ಕೆಟ್ಟಿರಲಿಲ್ಲ. ಯಾರಾದರೂ ಗುಳಿಗೆ ನುಂಗಿ ಕೂಡುತ್ತಾರೆಯೇ ಎಂದು ಕೇಳಿದ್ದಳು, ಅಷ್ಟೇ.

“ಮೂರು ವಾರ ಬರೋಬ್ಬರಿ ಹೊತ್ತೇನಿ,” ಎಂದ ಜಯವಂತ. “ಆಮ್ಯಾಲ ಒಂದಿನ ಟಾವರ್ ಮ್ಯಾಲ, ತೊಂಬತ್ತು ಮೀಟರ್ ಎತ್ತರದಾಗ, ಕಾಲು ನಡುಗಿ ಪಾವಟಿಗಿ ತಪ್ಪಿತು. ಹಗ್ಗ ಇತ್ತಂತ ಉಳದೆ. ನನಗೂ ಎರಡು ಮಕ್ಕಳು ಅದಾವ ಅಕ್ಕ.”

“ಹೇಳಬೇಕಿತ್ತಲ್ಲ. ನಿನ್ನ ಹೆಸರು ತಗದು ನಂದು ಬರೀತಿದ್ದೆ.”

“ಗುಡಿ ಬಾಗಲಾಗ ಎಲ್ಲಾರೂ ಓದ್ತಾರ. ಹೆತ್ತ ಮಗನ ಹೆಸರು ಇಲ್ಲಂದ್ರ ಏನಂದಾರು?” ಅವನು ವಾರಿಜಾಳ ಕಡೆ ತಿರುಗಿದ. “ಗುಳಿಗಿ ನುಂಗಿದ್ರ ನನಗ ನೋವು ಇರತಿರಲಿಲ್ಲ. ಅವ್ವನೂ ಕಣ್ಣು ಮುಚ್ಚಿ ಸುಮ್ನ ಮಲಗಿರತಿದ್ಲು. ಇಬ್ಬರಿಗೂ ಇಲ್ಲ ಅಂದ್ರ ನೋವು ಎಲ್ಲೋ ಹೋತಂತ ತಿಳದೆ, ಡಾಕ್ಟರಬಾಯಾರ.”

“ಅದು ಎಲ್ಲೂ ಹೋಗೂದಿಲ್ಲ,” ಎಂದಳು ವಾರಿಜಾ. ಅವಳ ದನಿಯಲ್ಲೂ ದಣಿವಿತ್ತು. ಇದೇ ಮಾತನ್ನು ಆ ತಿಂಗಳು ಎಷ್ಟೋ ಮನೆಗಳಲ್ಲಿ ಹೇಳಿದ್ದಳು. “ನಿಮ್ಮ ಮಿದುಳು ಓಗೊಡದಿದ್ರ ಅದು ಬಂದ ದಾರೀಲೇ ತಿರುಗಿ ಹೋಗ್ತದ. ಅವ್ವಾರಿಗೆ.”

ಎಸ್ತೇರ ತಾಯಿಯ ಮುಖ ನೋಡಿದಳು. ಆಮೇಲೆ ಗೂಟಕ್ಕಿದ್ದ ಸೀರೆಗಳನ್ನು ನೋಡಿದಳು. ಒಂದು ತಿಂಗಳಿಂದ ಒಗೆಯುವಾಗಲೆಲ್ಲ ಸೆರಗಿನಲ್ಲಿ ತೂತು ಕಾಣುತ್ತಿದ್ದವು. ಇಲಿ ಎಂದು ಬೋನು ಇಟ್ಟಿದ್ದಳು. ಬೋನಿಗೆ ಒಂದೂ ಇಲಿ ಬಿದ್ದಿರಲಿಲ್ಲ.

“ಸೆರಗು ಹಲ್ಲೀಲೆ ಕಡಕೊಂಡು ಮಲಗಿದ್ದೇನವ್ವ?”

ಸುವಾರ್ತಮ್ಮ ಬಸಿಯನ್ನು ಕೆಳಗಿಟ್ಟಳು. “ಮೊದಲನೇ ದಿನಾನ ಗೊತ್ತಾತು.”

“ಒಂದು ಮಾತು ಹೇಳಬಾರದಿತ್ತ?”

“ಮೂವತ್ತು ವರ್ಷ ಚೀಟಿ ಬರದೀನಿ. ಹೆಸರು ಬರಸಿ ಪ್ರಾರ್ಥನಿಗೆ ಬಾರದವ್ರು ಎಷ್ಟೋ ಮಂದಿ. ಒಬ್ರನ್ನೂ ಕೇಳಿಲ್ಲ. ಆ ತಾಸು ನಾನ ಮೊಣಕಾಲೂರಿ ಕುಂತೀನಿ. ಇದೂ ಹಂಗ.” ಮಗಳ ಕಡೆ ತಿರುಗಿದಳು. “ನೀ ಸಿಟ್ಟಾಗಬ್ಯಾಡ ಎಸ್ತೇರಾ. ನೀವೆಲ್ಲ ನನ್ನ ನೋವು ಹೊರತೀರಿ, ಖರೇ. ಆದ್ರ ಹೊತ್ತವರು ಕುರ್ಚಿ ಹಿಡಕೊಂಡು, ಹಲ್ಲು ಕಚ್ಚಿ, ಗ್ವಾಡಿ ನೋಡಕೋತ ಕುಂದ್ರತೀರಿ. ಯಾವಾಗ ತಾಸು ಮುಗಿದೀತು ಅಂತ. ನಾ ಆರಾಮ ಇರತೀನಿ, ಒಬ್ಬಾಕಿನ. ಇವ ನನ್ನ ಕೈ ಹಿಡಕೊಂಡು ಕುಂದ್ರತಿದ್ದ. ಗಾಳಿಯಂತ್ರದ ತುದೀಗೆ ಹದ್ದು ಗೂಡು ಕಟ್ಟಿದ್ದು, ಮೇಸ್ತ್ರಿ ಮ್ಯಾಲೆ ಹತ್ತಿ ಇಳಿಯಾಕ ಅಂಜಿದ್ದು, ಎಲ್ಲಾ ಹೇಳತಿದ್ದ. ನಾ ಕಣ್ಣು ಮುಚ್ಚಿ ಕೇಳತಿದ್ದೆ.”

ವಾರಿಜಾ ತೊಡೆಯ ಮೇಲಿದ್ದ ಗೆರೆಗಳ ಹಾಳೆಯನ್ನು ಮಗುಚಿಟ್ಟಳು. ಎಷ್ಟು ನೋವು ದಾಟಿತೆಂದು ಅಳೆಯಲು ಹನ್ನೊಂದು ವರ್ಷ ದುಡಿದಿದ್ದಳು. ಈ ಮುದುಕಿ ಹೇಳಿದ್ದನ್ನು ಬರೆಯಲು ಆ ಹಾಳೆಯಲ್ಲಿ ಜಾಗ ಇರಲಿಲ್ಲ. ನೊಗ ಇಲ್ಲದ ಕಾಲದಲ್ಲಿ, ತಾನು ಇನ್ನೂ ಚಿಕ್ಕವಳಿದ್ದಾಗ, ಏನೂ ಮಾಡಲಾಗದ ಜನ ರೋಗಿಯ ಕೈ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಪ್ರತಿ ವಾರ್ಡಿನಲ್ಲೂ ಇರುತ್ತಿದ್ದರು. ಅದನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ, ಕೂತವರೂ ಎಣಿಸಿರಲಿಲ್ಲ.

ಜಯವಂತ ಜಾಕೀಟು ತೆಗೆದುಕೊಂಡ. ಉಳಿದೆರಡು ಗುಳಿಗೆಗಳನ್ನು ಮೇಜಿನ ಮೇಲೆ ಬೈಬಲ್ಲಿನ ಪಕ್ಕದಲ್ಲೇ ಬಿಟ್ಟ.

“ಎಲ್ಲಿಗೆ ಹೊಂಟಿ?” ಎಂದಳು ಎಸ್ತೇರ.

“ಗಾಡಿ ಬಿಸಲಾಗ ಐತಿ. ನೆರಳಿಗೆ ಹಚ್ಚಿ ಬರ್ತೀನಿ.”

ಗಾಡಿ ಹೊರಟ ಸದ್ದು ಕೇಳಿತು. ಓಣಿಯ ತಿರುವಿನವರೆಗೆ ಕೇಳಿ ನಿಂತಿತು.

ಮರುವಾರ ಪಾಸ್ಟರು ಬಂದು ಜಯವಂತನ ತಾಸಿಗೆ ತಮ್ಮ ಹೆಸರು ಬರೆಯುತ್ತೇನೆಂದರು. “ಬ್ಯಾಡ್ರಿ,” ಎಂದಳು ಸುವಾರ್ತಮ್ಮ, “ಆ ಹೆಸರು ಹಂಗ ಇರಲಿ.” ಅವಳು ಆಮೇಲೆ ಹತ್ತೊಂಬತ್ತು ದಿನ ಬದುಕಿದಳು. ದಿನಾ ನಾಲ್ಕು ಹೊಡೆದಾಗ ಕತ್ತಿನ ಪಟ್ಟಿ ತೆಗೆಸುತ್ತಿದ್ದಳು, ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಬಲಗೈಯನ್ನು ಮಂಚದ ಅಂಚಿಗೆ ಚಾಚುತ್ತಿದ್ದಳು. ಎಸ್ತೇರ ಹಿಡಿಯಲು ಹೋದರೆ, ನೀ ಹೋಗಿ ಸ್ವಲ್ಪ ಅಡ್ಡಾಗು, ದಣದೀಯವಾ, ಎನ್ನುತ್ತಿದ್ದಳು. ಐದು ಹೊಡೆಯುವ ತನಕ ಕೈ ಹಾಗೇ ಇರುತ್ತಿತ್ತು.

ಜಯವಂತ ಬರಲಿಲ್ಲ.