ಒಂದು ಗೇಣು ಹೆಚ್ಚಿಗೆ

"ಕಾಲೆತ್ತು. ಬೆರಳು ನೆಲಕ್ಕೆ ತಾಗಿದ್ರೂ ಲೆಕ್ಕಕ್ಕಿಲ್ಲ," ಎಂದರು ಮರ್ವ್ ತಾತ.

ಡೆಲ್ಲಾ ಮಂಡಿ ಮಡಚಿ, ಶೆಡ್ಡಿನ ತೊಲೆಗೆ ಸಿಕ್ಕಿಸಿದ್ದ ಕೆಂಪು ಕೇಬಲ್ಲಿಗೆ ಜೋತುಬಿದ್ದಳು. ಕೇಬಲ್ ಅವಳ ಹೆಬ್ಬೆರಳಿನಷ್ಟು ದಪ್ಪ. ತುದಿಗೆ ಲಗ್ ಎಂಬ ತಾಮ್ರದ ಟೊಳ್ಳು ಕೊಂಡಿ ತೊಡಿಸಿ, ಪ್ರೆಸ್ಸಿನಲ್ಲಿ ಅದುಮಿ, ಆಮೇಲೆ ಹೀಗೆ ಜೋತಾಡಿ ನೋಡುವುದು ಆ ಮನೆಯ ಪದ್ಧತಿ. ಲಗ್ ಕಿತ್ತು ಬರದಿದ್ದರೆ ಪಾಸು.

"ಪಾಸು," ಎಂದರು ತಾತ. "ಈ ತುದಿ ಪೂರ್ತಿ ನಿನ್ನದೇ ಕೆಲಸ. ಭೇಷ್."

ಡೆಲ್ಲಾಗೆ ಖುಷಿಯಾಗಲಿಲ್ಲ. ತಾತ ಟೀ ತರಲು ಹೋಗಿದ್ದಾಗ ಕೇಬಲ್ಲಿನ ಎಳೆಗಳು ಪೊರಕೆಯ ಹಾಗೆ ಕೆದರಿ, ಲಗ್ಗಿನೊಳಗೆ ಹೋಗದೆ ಸತಾಯಿಸಿದ್ದವು. ಅವಳು ಸಿಟ್ಟಿನಲ್ಲಿ ಹೊರಗುಳಿದ ಎಳೆಗಳನ್ನು ಕತ್ತರಿಸಿಬಿಟ್ಟಿದ್ದಳು. ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ ಬಿಸಿಗಾಳಿ ಹಿಡಿದಾಗ ಅದು ಕುಗ್ಗಿ ಎಲ್ಲವನ್ನೂ ಮುಚ್ಚಿತ್ತು. ಕತ್ತರಿಸಿದ ಎಳೆಗಳು ಈಗ ಅವಳ ಜೇಬಿನಲ್ಲಿ ಚುಚ್ಚುತ್ತಿದ್ದವು.

ಅಷ್ಟರಲ್ಲಿ ಅಮ್ಮ ಕುರಿಮಾಂಸದ ಪೆಟ್ಟಿಗೆ ಹೊತ್ತು ಬಂದಳು. ಕುರಿಗಳ ಉಣ್ಣೆ ಕತ್ತರಿಸುವ ತಂಡಕ್ಕೆ ಅವಳೇ ಅಡುಗೆಯವಳು. ನಾಳೆ ಲಾಂಗ್‌ರೀಚ್ ಊರು ದಾಟಿ ಹೋಗಬೇಕು. ಗಾಡಿಯ ಹಿಂದಿನ ಫ್ರಿಜ್ ನಡೆಯುವುದು ಇದೇ ಕೇಬಲ್ಲಿನಿಂದ. ಹೋದ ಸಲ ಹಳೇ ಕೇಬಲ್ ಬಿಸಿಯಾಗಿ ಸುಟ್ಟು, ಮಾಂಸವೆಲ್ಲ ನಾರಿತ್ತು. ಇನ್ನೊಮ್ಮೆ ಹೀಗಾದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುತ್ತೇನೆ ಎಂದು ತಂಡದ ಮೇಸ್ತ್ರಿ ಹೇಳಿದ್ದ.

"ಅಂಗಡೀದಕ್ಕಿಂತ ಚಂದ ಇದ್ಯಲ್ಲಪ್ಪ ಇದು," ಎಂದಳು ಅಮ್ಮ.

"ನಿನ್ನ ಮಗಳು ಮಾಡಿದ್ದು."

"ಹಾಗಾದ್ರೆ ನಾಳೆ ನಿಶ್ಚಿಂತೆಯಿಂದ ಹೋಗ್ತೀನಿ."

 ಡೆಲ್ಲಾ ಜೇಬಿನಿಂದ ಎಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಅಮ್ಮ, ಅದನ್ನ ಹಾಕಬೇಡ. ಇವೂ ಒಳಗಿರಬೇಕಿತ್ತು. ನಾನು ಕತ್ತರಿಸ್ಬಿಟ್ಟೆ."

ಅಮ್ಮ ಪೆಟ್ಟಿಗೆ ಕೆಳಗಿಟ್ಟಳು.

"ಜೋತಾಡಿದ್ರೂ ಕಿತ್ತು ಬರಲಿಲ್ಲವಲ್ಲ," ಎಂದರು ತಾತ.

"ಗಟ್ಟಿ ಇದೆ ತಾತ. ಆದ್ರೆ ಎಳೆ ಕಮ್ಮಿ ಆದ್ರೆ ಬಿಸಿ ಆಗುತ್ತೆ. ನೀವೇ ಹೇಳಿದ್ರಿ."

"ಹೂಂ." ತಾತ ದೊಡ್ಡ ಕಟರ್ ತಂದು ಆ ಚಂದದ ತುದಿಯನ್ನು ಕಚಕ್ಕನೆ ಕತ್ತರಿಸಿದರು.

"ಅಯ್ಯೋ, ಇನ್ನು ಉದ್ದ ಸಾಲಲ್ಲ!" ಎಂದಳು ಡೆಲ್ಲಾ.

"ಮೊದಲು ಲಗ್ ಹಾಕು."

ಈ ಸಲ ಡೆಲ್ಲಾ ಎಳೆಗಳನ್ನೆಲ್ಲ ಬೆರಳಲ್ಲಿ ಸೇರಿಸಿ, ಬತ್ತಿಯ ಹಾಗೆ ನಿಧಾನವಾಗಿ ಹೊಸೆದಳು. ಒಂದೂ ಹೊರಗುಳಿಯಲಿಲ್ಲ. ಅದುಮಿ, ಜೋತುಬಿದ್ದು, ಕೊಳವೆ ತೊಡಿಸಿ ಗಾಡಿಗೆ ಒಯ್ದರು. ಕೇಬಲ್ ಬ್ಯಾಟರಿಯಿಂದ ಫ್ರಿಜ್ಜಿನವರೆಗೆ ಸರಿಯಾಗಿ ಮುಟ್ಟಿತು. ಒಂದು ಬೆರಳಿನಷ್ಟೂ ಮಿಗಲಿಲ್ಲ.

ಡೆಲ್ಲಾಗೆ ಬೆಳಿಗ್ಗೆಯ ಮಾತು ನೆನಪಾಯಿತು. ಅಳತೆ ಹಿಡಿದಾಗ ತಾತ ಒಂದು ಗೇಣು ಹೆಚ್ಚಿಗೆ ಸೇರಿಸಿದ್ದರು. "ಬಗ್ಗಿದ ಮೊಳೇನೂ ನೆಟ್ಟಗೆ ಮಾಡಿ ಇಟ್ಕೊಳ್ಳೋರು, ಕೇಬಲ್ ದಂಡ ಮಾಡ್ತೀರಲ್ಲ," ಎಂದು ಅವಳು ಗೇಲಿ ಮಾಡಿದ್ದಳು. "ಇರಲಿ ಬಿಡು," ಎಂದಿದ್ದರು ಅವರು. ಆ ಗೇಣು ಯಾರಿಗಾಗಿ ಎಂದು ಈಗ ಗೊತ್ತಾಯಿತು.

"ಇನ್ನು ಇದರ ಜೋಡಿ ಕಪ್ಪು ಕೇಬಲ್ ಬಾಕಿ ಇದೆ, ಅದನ್ನ ನಾನು ಮಾಡ್ತೀನಿ. ನೀನು ಅಳತೆ ಹಿಡಿ," ಎಂದರು ತಾತ.

ಡೆಲ್ಲಾ ಅಳೆದಳು. ಕೊನೆಯಲ್ಲಿ ತನ್ನ ಗೇಣು ಇಟ್ಟಳು. ಅದು ಚಿಕ್ಕದಾಯಿತೆನಿಸಿ ಇನ್ನೊಂದು ಗೇಣು ಸೇರಿಸಿದಳು.

"ಅಷ್ಟೊಂದು ಯಾಕೆ?"

"ಇರಲಿ ಬಿಡಿ ತಾತ," ಎಂದಳು ಡೆಲ್ಲಾ.

ತಾತ ಅವಳ ಮುಖ ನೋಡಿದರು. ಆಮೇಲೆ ಅವಳು ಬೆರಳಿಟ್ಟ ಕಡೆಯೇ ಕತ್ತರಿಸಿದರು.