ದೋಣಿಮನೆಗೆ ಕೊಟ್ಟ ಚಾರ್ಜರ್

“ಅಪ್ಪ ಇಲ್ವಾ?”

ಭವ್ಯಾ ಸಿಡುಕಿನಿಂದ ತಲೆ ಎತ್ತಿದಳು. ಆಲ್ದೂರಿನ ಆ ಬ್ಯಾಟರಿ ಅಂಗಡಿಗೆ ಬರುವವರೆಲ್ಲ ಕೇಳುವುದು ಇದನ್ನೇ! ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಂಗಡಿ ನೋಡಿಕೊಳ್ಳುತ್ತಿರುವುದು ತಾನಲ್ಲವೇ?

“ಯಾಕೆ, ನಾನಿದ್ದೀನಲ್ಲ!”

“ಅಯ್ಯೋ, ಹಾಗಲ್ಲ... ಅವ್ರಿದ್ದಿದ್ರೆ ಒಳ್ಳೇದಿತ್ತು. ದೋಣಿಗೊಂದು ಚಾರ್ಜರ್ ಬೇಕಿತ್ತು.”

ಬಿಸಿಲಿಗೆ ಕಪ್ಪಾದ ಮುಖ, ನಾಚಿಕೆಯ ಕಣ್ಣಿನ ಯುವಕ. ಅವಳ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಆದರೆ ಸಿಟ್ಟೇ ಗೆದ್ದಿತು.

ಯಾವ ಬ್ಯಾಟರಿ? ಎಲ್ಲಿಡುತ್ತೀರಿ? ಗಾಳಿಯಾಡುತ್ತದೆಯೇ? ಕೇಳಲೇಬೇಕಿದ್ದ ಮಾತುಗಳು ನಾಲಿಗೆ ತುದಿಯಲ್ಲಿದ್ದವು. ಕೇಳಲಿಲ್ಲ. ಗ್ಯಾರೇಜಿನವರು ಒಯ್ಯುವ ಸಾದಾ ಚಾರ್ಜರನ್ನು ಮುಂದಿಟ್ಟಳು.

“ಇದೇ ಸಾಕು, ತಗೊಂಡ್ಹೋಗಿ.”

ಅವನು ನಂಬಿ ತೆಗೆದುಕೊಂಡು ಹೋದ.

ಸಂಜೆ ವಿಷಯ ಕೇಳಿ ಅಪ್ಪ ಚನ್ನಕೇಶವ ಗಾಬರಿಯಾದರು.

“ದಿಲೀಪ್ ಬಂದಿದ್ನಾ? ಎನ್.ಆರ್.ಪುರದ ಹಿನ್ನೀರಲ್ಲಿ ಹಕ್ಕಿಗಳ ಅಧ್ಯಯನ ಮಾಡ್ತಾನೆ. ಅವನ ದೋಣಿ ನಾನೇ ನೋಡಿ ಬಂದಿದ್ದೆ, ಅದಕ್ಕೇ ನನ್ನ ಕೇಳಿರ್ತಾನೆ. ಆ ಚಾರ್ಜರ್ ಕೊಟ್ಯಾ? ಬ್ಯಾಟರಿ ತುಂಬಿದ್ರೂ ಅದು ನಿಲ್ಲಲ್ಲ, ಬ್ಯಾಟರಿ ಕಾದು ವಿಷಗಾಳಿ ಬಿಡುತ್ತೆ! ಅವ್ನು ದೋಣೀಲೇ ಮನೆ ಮಾಡ್ಕೊಂಡಿದ್ದಾನೆ, ಮಂಚದ ಕೆಳಗೇ ಬ್ಯಾಟರಿ ಮಾರಾಯ್ತಿ!”

ಭವ್ಯಾ ಅಪ್ಪನಿಂದ ಅವನ ನಂಬರ್ ಇಸಿದುಕೊಂಡಳು. ಫೋನ್ ಹಚ್ಚಿದಳು, ಮತ್ತೆ ಮತ್ತೆ ಹಚ್ಚಿದಳು... ಸಿಗಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟಳು.

ದಡಕ್ಕೆ ಕಟ್ಟಿದ್ದ ದೋಣಿಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ದಡದ ಕರೆಂಟಿಗೆ ಹಚ್ಚಿ ರಾತ್ರಿಯಿಡೀ ಬಿಟ್ಟಿದ್ದ ಬ್ಯಾಟರಿ ಊದಿ ಒಡೆದಿತ್ತು. ಸಿಡಿದ ಆಸಿಡ್ ತಗುಲಿ ದಿಲೀಪನ ಮುಂಗೈಗೆ ಬ್ಯಾಂಡೇಜು. ಮಗನ ಜೊತೆ ಇದ್ದು ಹೋಗಲು ಬಂದಿದ್ದ ಅವನ ತಾಯಿ ಸಾವಿತ್ರಮ್ಮ ಮರದ ಕೆಳಗೆ ಕೂತು ಬಿಡದೆ ಕೆಮ್ಮುತ್ತಿದ್ದರು.

“ನಂದೇ ತಪ್ಪು,” ಎಂದ ದಿಲೀಪ್. “ಬ್ಯಾಟರಿ ಒಳಗೇ ಇಡ್ತೀನಿ ಅಂತ ನಿಮಗೆ ಹೇಳ್ಲೇ ಇಲ್ಲ. ಕ್ಷಮಿಸಿ, ಅಷ್ಟು ದೂರದಿಂದ ಬರೋ ಹಾಗಾಯ್ತು.”

ಇವನೇ ಕ್ಷಮೆ ಕೇಳುತ್ತಿದ್ದಾನೆ... ದೇವರೇ!

ನಿಜ ಹೇಳದೆ ಅವಳು ಒಡೆದ ಬ್ಯಾಟರಿಯನ್ನು ಹೊರಗೆ ಸಾಗಿಸಲು ದೋಣಿ ಹತ್ತಿದಳು.

ಮುಂದಿನ ವಾರ ಹೊಸ ಬ್ಯಾಟರಿ ತಂದು, ದೋಣಿಯ ಹಿಂಬದಿಯಲ್ಲಿ ಗಾಳಿಯಾಡುವ ಪೆಟ್ಟಿಗೆಯೊಳಗೆ ಕೂರಿಸಿದಳು. ಅದರ ಅಳತೆಗೆ ಹೊಂದುವ, ತುಂಬುತ್ತಿದ್ದಂತೆ ತಾನಾಗಿ ಕರೆಂಟು ತಗ್ಗಿಸುವ, ನೀರು ಸಿಡಿದರೂ ಕೆಡದ ಚಾರ್ಜರನ್ನು ಹುಡುಕಿ ತಂದಿದ್ದಳು. ಆಮೇಲೂ ‘ಒಮ್ಮೆ ನೋಡಿ ಹೋಗ್ತೀನಿ’ ಎಂದು ಬರುತ್ತಲೇ ಇದ್ದಳು. ಮೊದಮೊದಲು ಕರೆತಂದದ್ದು ಅಪರಾಧದ ಅಳುಕು. ಆಮೇಲೆ... ಅವನು.

ಒಂದು ದಿನ ನೀರಿನ ನಡುವೆ ಹುಟ್ಟು ನಿಲ್ಲಿಸಿ ದಿಲೀಪ್ ಹೇಳಿದ, “ನಮ್ಮನ್ನ ಇಷ್ಟು ಕಾಳಜಿಯಿಂದ ನೋಡ್ಕೊಂಡೋರು ಯಾರೂ ಇಲ್ಲ ಭವ್ಯಾ. ನನ್ನ ಮದುವೆ ಆಗ್ತೀರಾ?”

ಕಾಯುತ್ತಿದ್ದ ಮಾತೇ! ಆದರೆ ‘ಕಾಳಜಿ’ ಎಂಬ ಪದ ಅವಳನ್ನು ಇರಿಯಿತು.

“ನನ್ನ ಮೇಲೆ ಅಷ್ಟು ನಂಬಿಕೆ ಇಡ್ಬೇಡಿ... ಅವತ್ತು ಏನೇನು ಕೇಳ್ಬೇಕು ಅಂತ ನಂಗೆ ಗೊತ್ತಿತ್ತು. ಅಪ್ಪನ್ನ ಕೇಳಿದ್ರಲ್ಲ ಅನ್ನೋ ಸಿಟ್ಟಿಗೆ, ಬೇಕಂತಲೇ ಕೇಳ್ಲಿಲ್ಲ.”

ಅವನ ಮುಖ ಬಿಳಿಚಿತು.

“ಆ ರಾತ್ರಿ ಅಮ್ಮ ಅದೇ ಮಂಚದ ಮೇಲೆ ಮಲಗಿದ್ರು...”

ಅಷ್ಟೇ. ಮೌನವಾಗಿ ಹುಟ್ಟು ಹಾಕಿ ಅವಳನ್ನು ದಡಕ್ಕೆ ಬಿಟ್ಟ. ಬಸ್ಸಿನ ಕಿಟಕಿಗೆ ಮುಖ ಆನಿಸಿ ಅವಳು ಆಲ್ದೂರಿನವರೆಗೂ ಅತ್ತಳು. ಕಳೆದುಕೊಂಡೆ... ಕಳೆದುಕೊಳ್ಳಬೇಕಾದದ್ದೇ!

ದಿನಗಳು ಉರುಳಿದವು. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ದಿಲೀಪ್ ನಿಂತಿದ್ದ.

“ಅಮ್ಮಂಗೆ ಎಲ್ಲ ಹೇಳ್ದೆ.”

“ಏನಂದ್ರು?”

“ಬೇಜಾರಾದ್ರು. ಆಮೇಲೆ, ‘ಅಷ್ಟು ಹೇಳೋಕೆ ಆ ಹುಡುಗಿಗೆ ಎಷ್ಟು ಸಂಕಟ ಆಯ್ತೋ, ನೀನು ಒಂದು ಮಾತೂ ಆಡದೆ ಬಿಟ್ಟು ಬಂದ್ಯಲ್ಲ’ ಅಂತ ನಂಗೆ ಬಯ್ದ್ರು.”

ಅವಳ ಕಣ್ಣು ತುಂಬಿ ಬಂತು. “ನಿಮ್ಮ ಸಿಟ್ಟು... ಹೋಯ್ತಾ?”

“ಪೂರ್ತಿ ಹೋಗಿಲ್ಲ. ಆದ್ರೆ ನೀವಿಲ್ದೆ ಇರೋದು ಅದಕ್ಕಿಂತ ಕಷ್ಟ ಆಗ್ತಿದೆ.”

ಅವಳು ಅಳುಕುತ್ತಲೇ ಅವನ ಮುಂಗೈಯ ಸುಟ್ಟ ಕಲೆಯನ್ನು ಮುಟ್ಟಿದಳು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಇದನ್ನ ನೋಡಿದಾಗೆಲ್ಲ ನಂಗೆ ನೋವಾಗುತ್ತೆ, ದಿಲೀಪ್.”

“ಆಗ್ಲಿ. ಆದ್ರೆ ದೂರ ಕೂತು ಒಬ್ರೇ ನೋವು ಪಡ್ಬೇಡಿ.”

“ಮತ್ತೆ?”

“ನನ್ನ ಪಕ್ಕದಲ್ಲೇ ಇರಿ.”

“ಇರ್ತೀನಿ...” ಎಂದಳು ಭವ್ಯಾ, ಕಣ್ಣೊರೆಸಿಕೊಳ್ಳುತ್ತಾ.