ಬಲತೋಳಿನ ನಾಲ್ಕು ಬೆರಳು

ತೋಳಿನೊಳಗೆ ಹೋದ ಕೈ ಹೊರಗೆ ಬರಲೇ ಇಲ್ಲ.

ಗಿರಾಕಿಯ ಎಡಗೈ ಸಲೀಸಾಗಿ ಬಂತು. ಬಲಗೈ ಮಾತ್ರ ಸ್ವೆಟರಿನೊಳಗೇ ಉಳಿಯಿತು, ಬೆರಳ ತುದಿಯಷ್ಟೇ ಕಾಣುವಂತೆ. ಒಳಗೆಲ್ಲೋ ಮಡಚಿಕೊಂಡಿರಬೇಕು, ಇರಿ ಎಂದು ನಗುತ್ತಲೇ ಅವಳು ತೋಳನ್ನು ಸರಿಸಿದಳು. ಮಡಚಿಕೊಂಡದ್ದೇನೂ ಇರಲಿಲ್ಲ. ಅವಳ ಕೈಗೆ ಸಿಕ್ಕಿದ್ದು ಅವನ ಮಣಿಕಟ್ಟು... ಇರಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ.

ಅವಳು ಕೈ ಹಿಂದಕ್ಕೆ ತೆಗೆದಳು.

ಸ್ವೆಟರ್ ರಿಪೇರಿಗೆ ಬಂದು ವಾರವಾಗಿತ್ತು. ಉಲ್ಲನ್ ಅಂಗಡಿ ಅವಳ ಸೋದರತ್ತೆಯದು. ಹೆಣೆಯುವುದು, ರಿಪೇರಿ ಮಾಡುವುದು ಅವಳ ಕೆಲಸ. ಸೊಟ್ಟಗಿದ್ದದ್ದು ಯಾವುದನ್ನೂ ಅವಳು ಸುಮ್ಮನೆ ಬಿಡುವವಳಲ್ಲ ಎಂದು ಅತ್ತೆ ಅವಳಿಗಿಟ್ಟ ಹೆಸರು ‘ಸೂಜಿ’. ಮೊಣಕೈಯ ತೂತು ಮುಚ್ಚಬೇಕಂತೆ ಎಂದಷ್ಟೇ ಹೇಳಿ ಅತ್ತೆ ಅದನ್ನು ಅವಳ ಮುಂದೆ ಹಾಕಿದ್ದಳು. ತೂತು ಮುಚ್ಚಿದ ಮೇಲೆ ಸೂಜಿ ಎರಡೂ ತೋಳುಗಳನ್ನು ಜೋಡಿಸಿ ನೋಡಿದಳು. ಒಂದು ಗಿಡ್ಡ! ಹೆಣೆದವರು ಲೆಕ್ಕ ತಪ್ಪಿದ್ದಾರೆ, ಪಾಪ, ಅಂದುಕೊಂಡಳು. ಮುಂಗೈ ಪಟ್ಟಿ ಬಿಚ್ಚಿ, ಅದೇ ಬಣ್ಣದ ಹೊಸ ಉಲ್ಲನ್‌ನಿಂದ ನಾಲ್ಕು ಬೆರಳು ಉದ್ದ ಹೆಣೆದು, ಹೊಸ ಪಟ್ಟಿಯನ್ನೂ ಹಾಕಿದಳು. ಯಾರೂ ಕೇಳಿರಲಿಲ್ಲ. ಮೆಚ್ಚುತ್ತಾರೆ ಎಂದು ಕಾದಿದ್ದಳು.

ಈಗ ಕನ್ನಡಿಯಲ್ಲಿ ಅವನ ಮುಖ ಬಿಳುಚಿಕೊಂಡಿತ್ತು.

"ಚಿಕ್ಕವನಿದ್ದಾಗ ಮುರಿದಿತ್ತು. ಆಮೇಲೆ ಈ ಕೈ ಬೆಳೀಲೇ ಇಲ್ಲ," ಎಂದ. "ನೋಡಿದೋರೆಲ್ಲ ಸರಿಮಾಡೋಕೆ ಹೊರಡ್ತಾರೆ. ನೀವು ನೋಡದೇನೇ ಹೊರಟ್ರಲ್ಲ."

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಳತೆ ತೆಗೆಯದೆ ಹೆಣೆಯುವ ಕಡ್ಡಿ ಮುಟ್ಟಬೇಡ ಎಂಬುದು ಅತ್ತೆ ಕಲಿಸಿದ ಮೊದಲ ಪಾಠ. ತೋಳಿಗೆ ತೋಳೇ ಅಳತೆಯಲ್ಲ. ಮೊಣಕೈ ತುಸು ಬಾಗಿಸಿ, ಕಂಕುಳಿನಿಂದ ಮಣಿಕಟ್ಟಿನ ಮೂಳೆಯವರೆಗೆ ಹಿಡಿಯಬೇಕು. ಬೇರೆಯವರಿಗೆ ನೂರು ಸಲ ಹೇಳಿದ್ದಳು.

ಅವನು ಹಿಂದಿನ ಬೀದಿಯ ಕನ್ನಡಕದ ಅಂಗಡಿಯವನು. ಸ್ವೆಟರ್ ಹೆಣೆದದ್ದು ಅವನ ತಾಯಿ. ಅವರ ಕಣ್ಣು ಹೋಗಿ ಎರಡು ವರ್ಷ. ಜಗತ್ತಿಗೆಲ್ಲ ಕನ್ನಡಕ ಕೊಡುವ ಮಗನ ಹತ್ತಿರ ಅಮ್ಮನಿಗೆ ಕೊಡಲು ಏನೂ ಇರಲಿಲ್ಲ. ದಿನಾ ಸಂಜೆ ಮಗ ಬಂದೊಡನೆ ಅವರು ಬಲಗೈಯ ಪಟ್ಟಿ ಮುಟ್ಟಿ, ಬಂದ್ಯಾ ಎನ್ನುತ್ತಿದ್ದರು. ಆ ಪಟ್ಟಿಯೇ ಈಗ ಇಲ್ಲ.

"ಆ ಹಳೇ ನೂಲು?" ಅವನು ಕೇಳಿದ.

ಎಸೆದಿರಲಿಲ್ಲ, ಪುಣ್ಯಕ್ಕೆ. ಅವಳು ಡಬ್ಬದಿಂದ ತೆಗೆದು ತೋರಿಸಿದಳು. ಬಿಚ್ಚಿದ ನೂಲು ಗುಂಗುರುಗುಂಗುರಾಗಿತ್ತು. ಅದನ್ನು ಹಾಗೇ ಹೆಣೆದರೆ ಉಬ್ಬುತಗ್ಗು ಬರುತ್ತದೆ. ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕೆಳಗೆ ಭಾರ ಕಟ್ಟಿ ಒಣಗಿಸಿದರೆ ನೇರವಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ನಾಳೆ ಮಧ್ಯಾಹ್ನ ಬನ್ನಿ, ನಿಮ್ಮ ಕೈಗೇ ಅಳತೆ ಇಟ್ಟು ಹೆಣೆಯುತ್ತೇನೆ ಎಂದಳು.

ಅವನು ಬಂದ. ಊಟದ ಬಿಡುವಿನಲ್ಲಿ ನಾಲ್ಕು ದಿನ ಬಂದ.

ಮೊದಲು ಅವಳು ಸೇರಿಸಿದ್ದನ್ನೆಲ್ಲ ಅವನೆದುರೇ ಬಿಚ್ಚಿದಳು. ಪಟ್ಟಿಗೆ ಒಂದು ನಂಬರ್ ಸಣ್ಣ ಕಡ್ಡಿ ತಗೊಂಡಳು. ಎರಡು ಕುಣಿಕೆ ಸೀದಾ, ಎರಡು ಉಲ್ಟಾ. ಎಡ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅವನ ತಾಯಿಯ ಹೆಣಿಗೆಯ ಕೈಯನ್ನೇ ನಕಲು ಮಾಡಲು ಹೊರಟಳು. ಮತ್ತೆ ತಪ್ಪೀತೆಂದು ನೂಲನ್ನು ಬಿಗಿಹಿಡಿದಳು. ಎರಡು ಸುತ್ತಿಗೊಮ್ಮೆ ಅವನ ಕೈಗೆ ತೊಡಿಸಿ ನೋಡುವಳು, ತೆಗೆಯುವಳು. ಮೊದಲ ದಿನ ಹೀಗೇ ಕಳೆಯಿತು.

ಎರಡನೇ ದಿನ ಅವನು, ಎಡಗೈಲಿ ಚಾ ಕುಡಿಯುತ್ತ, ದೂರದ್ದು ಕಾಣುತ್ತೆ ಹತ್ತಿರದ್ದು ಕಾಣಲ್ಲ ಅನ್ನುವ ಗಿರಾಕಿಗಳ ಕತೆ ಹೇಳಿದ. ಅತ್ತೆ ಗಲ್ಲಾದಿಂದಲೇ, "ನಮ್ಮ ಸೂಜಿಗೂ ಒಂದು ಕನ್ನಡಕ ಮಾಡಿಕೊಡಪ್ಪ," ಎಂದಳು. ಅವಳು ನಕ್ಕಳು. ಮೂರನೇ ದಿನ ಅವನು ಬರುವ ಹೊತ್ತಿಗೆ ಬಾಗಿಲ ಕಡೆ ಎಷ್ಟು ಸಲ ನೋಡಿದಳೋ ಅವಳಿಗೇ ಗೊತ್ತಿಲ್ಲ. ನಾಲ್ಕನೇ ದಿನ ಕೊನೆಯ ಕುಣಿಕೆ ಮುಚ್ಚುವಾಗ, ಇನ್ನೊಂದು ಸುತ್ತು ಬಾಕಿ ಇರಬಾರದಿತ್ತೇ... ಅನ್ನಿಸಿತು.

ತಪ್ಪಿಗೆಂದು ಅವನ ತಾಯಿಗೆ ಒಂದು ಜೊತೆ ಕಾಲುಚೀಲವನ್ನೂ ಕೊಟ್ಟಳು. ಬರೀ ಉಣ್ಣೆಯಾದರೆ ಹಿಮ್ಮಡಿ ಬೇಗ ಸವೆಯುತ್ತದೆ, ಇದರಲ್ಲಿ ನೈಲಾನ್ ಸೇರಿದೆ ಎಂದು ಹೇಳುವಾಗಲೂ ಅವನ ಮುಖ ನೋಡಲಿಲ್ಲ.

ಆಮೇಲೆ ಅವನು ಬರಲಿಲ್ಲ.

ಒಂದು ವಾರ. ಎರಡು. ಮೂರು. ಅಮ್ಮನಿಗೆ ಗೊತ್ತಾಗಿರಬೇಕು, ಅತ್ತಿರಬೇಕು, ಅವನು ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ... ಅವಳು ಹೆಣೆದದ್ದೆಲ್ಲ ತಪ್ಪತೊಡಗಿತು. ಅತ್ತೆ ಬಿಚ್ಚಿ ಕೈಗೆ ಕೊಡುತ್ತಿದ್ದಳು, ಏನೂ ಕೇಳದೆ.

ನಾಲ್ಕನೇ ವಾರ ಬಾಗಿಲು ಸರಿಯಿತು. ಅದೇ ಸ್ವೆಟರ್ ತೊಟ್ಟು ಅವನು ನಿಂತಿದ್ದ.

"ಅಮ್ಮನಿಗೆ ಗೊತ್ತಾಯ್ತು. ಮೊದಲ ದಿನವೇ," ಎಂದ.

ಅವಳ ಕೈಯಿಂದ ಉಂಡೆ ಜಾರಿ ಕುರ್ಚಿಯ ಕೆಳಗೆ ಉರುಳಿತು.

"ಇದು ನನ್ನ ಕೈಯಲ್ಲ ಅಂದ್ರು. ಕಾಲುಚೀಲ ತರಿಸಿಕೊಂಡು ಅದನ್ನೂ ಮುಟ್ಟಿ ನೋಡಿದ್ರು. ಎರಡೂ ಒಂದೇ ಕೈ, ಆದ್ರೆ ಕಾಲುಚೀಲ ಈ ತುದಿಯಿಂದ ಆ ತುದಿಗೆ ಒಂದೇ ಸಮ, ಅದು ಹೆಣೆದವಳ ದಿನನಿತ್ಯದ ಕೆಲಸ ಅಂದ್ರು." ಅವನು ಪಟ್ಟಿಯನ್ನು ಮುಟ್ಟಿಕೊಂಡ. "ಇದು ಶುರುವಿನಲ್ಲಿ ಬಿಗಿ, ಬರ್ತಾ ಬರ್ತಾ ಸಡಿಲ. ಹೆದರಿಕೊಂಡು ಶುರು ಮಾಡಿದಾಳೆ, ಇಷ್ಟಪಟ್ಟು ಮುಗಿಸಿದಾಳೆ. ಯಾರೋ ಆ ಹುಡುಗಿ, ಅಂತ ಕೇಳಿದ್ರು."

ಅವಳು ತನಗೇ ಹೇಳಿಕೊಳ್ಳದೆ ಮುಚ್ಚಿಟ್ಟದ್ದನ್ನು, ಎಂದೂ ನೋಡದ ಹೆಂಗಸೊಬ್ಬಳು ಬೆರಳಲ್ಲಿ ಓದಿಬಿಟ್ಟಿದ್ದಳು. ಮೂರು ವಾರದಿಂದ ಅದು ಅವನ ಮಣಿಕಟ್ಟಿನ ಮೇಲೆ ಬೀದಿಯೆಲ್ಲ ತಿರುಗಿತ್ತು.

"ಮತ್ತೆ... ಯಾಕೆ ಬರಲಿಲ್ಲ?"

"ಅಮ್ಮ ಹೇಳಿದ್ದು ತಪ್ಪಾಗಿದ್ರೆ ಅಂತ ಹೆದರಿದೆ. ಕೇಳದೇ ಇದ್ರೆ, ನಿಜ ಅಂದುಕೊಂಡಾದ್ರೂ ತೊಟ್ಟುಕೊಂಡಿರಬಹುದಲ್ಲ."

ಅತ್ತೆ ಗಲ್ಲಾ ಬಿಟ್ಟೆದ್ದು ಒಳಗೆ ಹೋದಳು.

"ತಪ್ಪೇನಿಲ್ಲ," ಎಂದಳು ಸೂಜಿ. ಸಣ್ಣ ದನಿ, ಆದರೆ ನಡುಗಲಿಲ್ಲ. "ಅವರು ಸರಿಯಾಗೇ ಓದಿದಾರೆ."

ಅವನು ಹತ್ತಿರ ಬಂದ. ಕಿಟಕಿಯ ಬೆಳಕು ಪಟ್ಟಿಯ ಮೇಲೆ ಬಿತ್ತು. ಮಣಿಕಟ್ಟಿನ ತುದಿಯಲ್ಲಿ, ಆ ಕೊನೆಯ ದಿನದ ಸುತ್ತುಗಳೆಲ್ಲ ಅಲೆ‌ಅಲೆಯಾಗಿ ಬಾಯಿ ಬಿಟ್ಟುಕೊಂಡಿದ್ದವು. ಅಯ್ಯೋ, ಇಷ್ಟು ಸೊಟ್ಟಗೆ ತನ್ನ ಜೀವಮಾನದಲ್ಲಿ ಹೆಣೆದಿರಲಿಲ್ಲ. ನೋಡಲಾಗದೆ ಕೈ ಚಾಚಿದಳು.

"ಕೊಡಿ ಇಲ್ಲಿ. ಬಿಚ್ಚಿ, ಸಮ ಮಾಡಿ ಕೊಡ್ತೀನಿ. ಅರ್ಧ ಗಂಟೆ ಸಾಕು."

ಅವನು ಗಿಡ್ಡ ಕೈಯನ್ನು ಎದೆಗೆ ಒತ್ತಿಕೊಂಡ.

"ಕೊಡಲ್ಲ."